ಸೈಜುಗಲ್ಲಿನ ಗೋಡೆಯ ಸಂಸಾರ

ನನ್ನ ಅತ್ತೆಗೆ ಯಾರನ್ನು ಪರಿಚಯ ಮಾಡಿಸಿದರೂ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾರ ಪೈಕಿ?" ಕೇಬಲ್ ರಿಪೇರಿಗೆ ಬಂದವನಿಂದ ಹಿಡಿದು ಟಿವಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳುವ ಮಂತ್ರಿಯವರೆಗೆ ಎಲ್ಲರ ಬಗ್ಗೆಯೂ ಅವರಿಗೆ ಅದು ತಿಳಿಯಬೇಕು. ಯಾವ ಊರ ಕಡೆಯವರು, ಯಾರ ಮನೆಗೆ ಹೆಣ್ಣು ಕೊಟ್ಟಿದ್ದಾರೆ, ಯಾರ ಮನೆಯಿಂದ ತಂದಿದ್ದಾರೆ. ಎಳೆ ಎಲ್ಲಾದರೂ ಒಂದು ಕಡೆ ಸಿಕ್ಕುವವರೆಗೆ ಬಂದವರಿಗೆ ಕಾಫಿಯೂ ಇಲ್ಲ. ಮದುವೆಯಾದ ಹೊಸದರಲ್ಲಿ ಇದರಿಂದ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗೆಳತಿಯರಂತೂ ಮನೆಗೆ ಬರುವುದನ್ನೇ ನಿಲ್ಲಿಸಿದ್ದರು.

ನಾನು ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ ಎಂದು ಹೊಳೆದದ್ದು ಬಹಳ ತಡವಾಗಿ. ಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪಾಠ, ಪರೀಕ್ಷೆ, ಮೀಟಿಂಗು ಎಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಎಂಟು ಕಾಲಿನ ಜೀವಿಗಳು ಯಾರ ಪೈಕಿ ಎಂದು ಹುಡುಕುತ್ತೇನೆ. ಅದರಲ್ಲೂ ನನಗೆ ಹುಚ್ಚು ಹಿಡಿಸಿದ್ದು ಹಾರ್ವೆಸ್ಟ್‌ಮನ್ ಎಂಬ ಗುಂಪು. ಕನ್ನಡದಲ್ಲಿ ಇದಕ್ಕೆಂದೇ ಒಂದು ಹೆಸರನ್ನು ನಾನು ಇದುವರೆಗೆ ಕೇಳಿಲ್ಲ. ನೋಡಿದವರೆಲ್ಲ ಜೇಡ ಅನ್ನುತ್ತಾರೆ, ಪೊರಕೆ ತರುತ್ತಾರೆ. ಇವು ಜೇಡಗಳಲ್ಲ. ಬಲೆ ನೇಯುವುದಿಲ್ಲ, ವಿಷವಿಲ್ಲ, ಜೇಡಕ್ಕಿರುವ ಸಣ್ಣ ಸೊಂಟವೂ ಇಲ್ಲ. ಮೆಂತ್ಯದ ಕಾಳಿನಂಥ ಒಂದೇ ಉಂಡೆ ದೇಹ, ಅದರ ನೆತ್ತಿಯ ಮೇಲೆ ಎರಡು ಕಣ್ಣು, ಸುತ್ತ ಎಂಟು ಉದ್ದನೆಯ ಕಾಲು. ಇಷ್ಟನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ! ಹೇಳಿ ಮುಗಿಸಿದ ಮೇಲೆ ಅವರು ಕೇಳುವುದು, "ಕಚ್ಚಲ್ವಾ ಮೇಡಂ ಈ ಜೇಡ?"

ನಮ್ಮ ಮನೆ ಚಿಕ್ಕಲಸಂದ್ರದಲ್ಲಿ. ಎರಡು ತಿರುವು ದಾಟಿದರೆ ಬಡಾವಣೆಯ ಪಾರ್ಕು. ಪಾರ್ಕಿನ ಹಿಂಬದಿ ತಗ್ಗು, ಅದರಾಚೆಯ ರಸ್ತೆ ಎತ್ತರ. ಆ ಎತ್ತರದ ಮಣ್ಣು ಜರಿಯದಿರಲಿ ಎಂದು ಯಾವ ಕಾಲದಲ್ಲೋ ಸೈಜುಗಲ್ಲಿನ ಗೋಡೆ ಕಟ್ಟಿದ್ದಾರೆ. ಕಲ್ಲುಗಳ ನಡುವಿನ ಗಾರೆ ಉದುರಿಹೋಗಿ ಬೆರಳು ತೂರುವಷ್ಟು ಸಂದುಗಳಾಗಿದ್ದವು. ಮೇಲಿನ ರಸ್ತೆಯ ಅಡಿಯಲ್ಲಿ ಎಲ್ಲೋ ಒಂದು ಪೈಪು ಒಡೆದು ಬೇಸಗೆಯಲ್ಲೂ ಗೋಡೆ ಜಿನುಗುತ್ತಿತ್ತು. ಪಾಚಿ, ಜರಿಗಿಡ, ಒಂದಿಷ್ಟು ಅರಳಿಸಸಿ. ಪಾರ್ಕಿಗೆ ಬರುವವರು ಆ ಕಡೆ ಹೋಗುತ್ತಿರಲಿಲ್ಲ. ನಾನು ಹೋಗುತ್ತಿದ್ದುದು ಅದೇ ಕಾರಣಕ್ಕೆ. ಶುಗರ್ ಬಂದ ಮೇಲೆ ಡಾಕ್ಟರು ವಾಕಿಂಗ್ ಕಡ್ಡಾಯ ಮಾಡಿದ್ದರು. ವಾಕಿಂಗಿಗೆ ಬರುವವರ ಮಾತು ಕಡ್ಡಾಯ ಮಾಡಿರಲಿಲ್ಲ.

ಹಾಗೆ ಒಂದು ಬೆಳಿಗ್ಗೆ ಜನರಿಂದ ತಪ್ಪಿಸಿಕೊಂಡು ಗೋಡೆಯ ಹತ್ತಿರ ನಿಂತವಳು ಸುಮ್ಮನೆ ಸಂದಿನೊಳಕ್ಕೆ ಫೋನಿನ ಟಾರ್ಚು ಬಿಟ್ಟೆ. ಒಳಗೆ ಕಲ್ಲಿಗೆ ಅಂಟಿಕೊಂಡಂತೆ ಮಣ್ಣಿನ ಒಂದು ಪುಟ್ಟ ಬಟ್ಟಲು, ಅಂಗಿಯ ಗುಂಡಿಯಷ್ಟು ಅಗಲ. ಕಣಜದ ಗೂಡು ಅಂದುಕೊಂಡೆ. ಆದರೆ ಬಟ್ಟಲಿನ ಮಧ್ಯದಲ್ಲಿ ಒಂದು ಹಾರ್ವೆಸ್ಟ್‌ಮನ್ ಕಾಲು ಮಡಚಿ ಕೂತಿತ್ತು, ಅದರ ಹೊಟ್ಟೆಯ ಕೆಳಗೆ ಸಾಬೂದಾನಿಯ ಹಾಗೆ ಮೊಟ್ಟೆಗಳು. ಒಂದು ಇರುವೆ ಅಂಚಿನವರೆಗೆ ಬಂತು. ಅದು ಎದ್ದು ಮುಂದಿನ ಕಾಲಿನಿಂದ ಇರುವೆಯನ್ನು ಎತ್ತಿ ಆಚೆ ಬಿಸಾಕಿತು, ಮತ್ತೆ ಬಂದು ಮೊಟ್ಟೆಗಳ ಮೇಲೆ ಕೂತಿತು. ಪಕ್ಕದ ಸಂದು ನೋಡಿದೆ, ಅಲ್ಲೂ ಒಂದು. ಅದರ ಮೇಲಿನ ಸಾಲಿನಲ್ಲಿ ಇನ್ನೊಂದು. ಅವತ್ತು ನಾನು ಮೊದಲ ಪೀರಿಯಡ್ಡು ತಪ್ಪಿಸಿದೆ.

ನನಗೆ ಈ ವಿದ್ಯೆ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಅವರಿಗೆ ಫೋನ್ ಮಾಡಿದೆ.

"ಮಣ್ಣಿನ ಗೂಡು ಕಟ್ಟೋವೆಲ್ಲ ಸಮುದ್ರದಾಚೆ ಇರೋದು ಕಣಮ್ಮ, ದಕ್ಷಿಣ ಅಮೆರಿಕದ ಕಡೆ," ಅಂದರು. "ನಮ್ಮಲ್ಲಿ ಇಂಥದ್ದನ್ನ ಯಾರೂ ನೋಡಿಲ್ಲ. ನೀನು ಕಣಜದ ಗೂಡು ನೋಡ್ಕೊಂಡು ಹಾರಾಡ್ತಿದೀಯ."

ವಿಡಿಯೊ ಕಳಿಸಿದೆ. ಆಮೇಲೆ ಅವರೇ ಫೋನ್ ಮಾಡಿ, ಇಷ್ಟು ವರ್ಷದಲ್ಲಿ ನಾನು ಕೇಳಿರದ ಮೆತ್ತನೆಯ ದನಿಯಲ್ಲಿ, "ಯಾರಿಗೂ ಹೇಳ್ಬೇಡ," ಅಂದರು.

ಅಷ್ಟರಲ್ಲಿ ನಾನು ಅತ್ತೆಗೆ ಹೇಳಿಯಾಗಿತ್ತು. ನನ್ನ ಗಂಡ ಆಫೀಸಿಗೆ ಹೋಗಿದ್ದರು, ಮನೆಯಲ್ಲಿದ್ದವರು ಅತ್ತೆ ಒಬ್ಬರೇ, ಇಂಥ ಸುದ್ದಿಯನ್ನು ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿರುವ ಜಾತಿ ನಾನಲ್ಲ. ನನ್ನ ಕೆಲಸವನ್ನು ಅತ್ತೆ ಅಲ್ಲಿಯವರೆಗೆ ಕರೆಯುತ್ತಿದ್ದುದು "ಹುಳ ಹಿಡಿಯೋದು" ಅಂತ. ನೆಂಟರ ಎದುರಿಗಂತೂ ಅದರ ಮಾತೇ ಎತ್ತುತ್ತಿರಲಿಲ್ಲ. ಆದರೆ ಅವತ್ತು, ಅಮೆರಿಕದ ಇಂಥವುಗಳಲ್ಲಿ ಗೂಡು ಕಟ್ಟುವುದೂ ಗಂಡು, ಕಾಯುವುದೂ ಗಂಡು, ಹೆಣ್ಣು ಬಂದು ಗೂಡು ನೋಡಿ ಒಪ್ಪಿಗೆಯಾದರೆ ಮೊಟ್ಟೆ ಇಟ್ಟು ತನ್ನ ಪಾಡಿಗೆ ಹೊರಟುಹೋಗುತ್ತದೆ ಅಂದಾಗ ಅವರು ಹೆಚ್ಚುತ್ತಿದ್ದ ಹುರುಳಿಕಾಯಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಗಂಡು ಕೂತ್ಕೊಂಡು ಕಾಯುತ್ತಾ? ನಿಜ ಹೇಳೇ. ನಮ್ಮನೇಲಿ ಅಂಥದ್ದು ಒಂದಾದ್ರೂ ಹುಟ್ಟಲಿಲ್ವಲ್ಲೇ!" ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಅಲ್ಲಾ, ಯಾರ ಪೈಕಿಯಂತೆ ಅವು?"

ಅದೇ ಪ್ರಶ್ನೆಯನ್ನು ಆಮೇಲೆ ಮೇಷ್ಟ್ರೂ ಕೇಳಿದರು, ನಾನೂ ಕೇಳಿಕೊಳ್ಳುತ್ತಿದ್ದೆ. ಎರಡು ದಾರಿ ಇದ್ದವು. ನೆಲ ಒಡೆದು ಖಂಡಗಳಾಗುವ ಮೊದಲೇ ಇದ್ದ ಒಂದು ಹಳೆಯ ಮನೆತನ, ಅದರ ಒಂದು ಕವಲು ಅಮೆರಿಕದಲ್ಲಿ ಉಳಿದು ಇನ್ನೊಂದು ಇಲ್ಲಿ ಉಳಿದಿರಬಹುದು. ಇಲ್ಲವೇ ನಮ್ಮ ಘಟ್ಟದ ಕಲ್ಲುಗಳ ಅಡಿಯಲ್ಲಿ ಗೂಡುಗೀಡು ಏನೂ ಇಲ್ಲದೆ ಬದುಕುವ ಸಾದಾ ಹಾರ್ವೆಸ್ಟ್‌ಮನ್‌ಗಳ ಪೈಕಿಯೇ ಒಂದು ಕವಲು ತಾನಾಗಿ ಈ ವಿದ್ಯೆ ಕಲಿತಿರಬಹುದು. ಮೈಕಟ್ಟು ನೋಡಿ ಸ್ವಲ್ಪ ಹೇಳಬಹುದು, ಡಿಎನ್ಎ ನೋಡಿದರೆ ಗಟ್ಟಿಯಾಗಿ ಹೇಳಬಹುದು. ಅತ್ತೆಗೆ ಇದನ್ನು ವಿವರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಅಮೆರಿಕದವರಿಗೂ ಇವಕ್ಕೂ ಸಂಬಂಧ ಇದ್ಯೋ ಇಲ್ವೋ ಅಂತ ತಾನೆ? ಮೂಲ ವಿಚಾರಿಸ್ಬೇಕು," ಅಂದರು. ಕಾಲೇಜಿನಲ್ಲಿ ವಿಕಾಸವಾದ ಪಾಠ ಮಾಡಿ ಮಾಡಿ ಸುಸ್ತಾದವಳು ನಾನು. ಇಷ್ಟು ಚುರುಕಾದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ.

ಮಾರನೆಯ ದಿನದಿಂದ ಅತ್ತೆಯ ಬಾಯಲ್ಲಿ ಇದೇ ಮಾತು. ತರಕಾರಿ ಗಾಡಿಯ ಹತ್ತಿರ, ಭಜನೆಯವರ ಹತ್ತಿರ, ಫೋನಿನಲ್ಲಿ ದಾವಣಗೆರೆಯ ನಾದಿನಿಯ ಹತ್ತಿರ. "ನನ್ನ ಸೊಸೆ ಕಂಡ್ಹಿಡಿದಿದಾಳೆ. ಇಂಡಿಯಾದಲ್ಲೇ ಇಲ್ವಂತೆ." ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನನಗೆ ಈಗ ವಯಸ್ಸು ಐವತ್ತರ ಹತ್ತಿರ. ಅವರು ನನ್ನ ಬಗ್ಗೆ ಯಾರ ಹತ್ತಿರವಾದರೂ ಹೆಮ್ಮೆಯಿಂದ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು. ಕೇಳಲು ಚೆನ್ನಾಗಿತ್ತು.

ಒಂದು ಜೀವಿಗೆ ಹೆಸರಿಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಈ ಗುಂಪಿನಲ್ಲಂತೂ ಬೆಳೆದ ಗಂಡಿನ ಇಡೀ ದೇಹ ಬೇಕು, ಅದನ್ನು ಸ್ಪಿರಿಟ್ಟಿನಲ್ಲಿ ಕೆಡದಂತೆ ಇಡಬೇಕು, ಮುಂದೆ ಯಾರು ಕೇಳಿದರೂ ತೋರಿಸಲು ಸಿಗಬೇಕು. ಅಂದರೆ ಕೊಲ್ಲಬೇಕು. ಎಷ್ಟು ವರ್ಷದ ಅಭ್ಯಾಸವಾದರೂ ನನಗೆ ಅದು ಹಿಡಿಸದ ಭಾಗ. ಗೋಡೆಯಲ್ಲಿ ಅವು ಇದ್ದದ್ದೇ ಕೆಲವು. ಕೆಳಗಿನ ಸಾಲಿನಲ್ಲಿ ಒಂದು ಗಂಡಿನ ಗೂಡಿಗೆ ಇನ್ನೂ ಮೊಟ್ಟೆ ಬಿದ್ದಿರಲಿಲ್ಲ, ಅದನ್ನು ತೆಗೆದುಕೊಂಡೆ. ಮೇಲಿನ ಸಾಲಿನಲ್ಲಿದ್ದವೆಲ್ಲ ಮೊಟ್ಟೆ ಕಾಯುತ್ತಿದ್ದವು. ಆ ಗೂಡುಗಳ ಅಂಚು ಸ್ವಲ್ಪ ಒಳಕ್ಕೆ ಬಾಗಿತ್ತು, ಕೆಳಗಿನವುಗಳ ಅಂಚು ನೆಟ್ಟಗಿತ್ತು. ಮೇಷ್ಟ್ರಿಗೆ ಹೇಳಿದಾಗ, "ಮೇಲೆ ಒಣ ಇರುತ್ತೆ, ಮಣ್ಣು ಬೇರೆ ಥರ ನಿಲ್ಲುತ್ತೆ. ಯಾವುದಕ್ಕೂ ಮೇಲಿಂದೂ ಒಂದು ತಗೋ," ಅಂದರು. ಇಕ್ಕಳ ಹಿಡಿದು ನಿಂತೆ. ಅದು ಮೊಟ್ಟೆಗಳ ಮೇಲೆ ಕೂತು ನನ್ನನ್ನು ನೋಡುತ್ತಿತ್ತೋ ಇಲ್ಲವೋ, ನನಗೆ ಹಾಗನ್ನಿಸಿತು. ಹಾರ್ವೆಸ್ಟ್‌ಮನ್‌ಗಳು ಹಿಡಿದರೆ ಕಾಲು ಬಿಟ್ಟುಕೊಟ್ಟು ಬದುಕಿಕೊಳ್ಳುತ್ತವೆ. ಡಿಎನ್ಎಗೆ ಒಂದು ಕಾಲು ಸಾಕು. ಹಿಂದಿನ ಒಂದು ಕಾಲನ್ನು ಮಾತ್ರ ತೆಗೆದು ಸೀಸೆಗೆ ಹಾಕಿದೆ. ಮೊಟ್ಟೆಯೊಡೆದು ಮರಿಗಳು ಹೊರಟ ಮೇಲೆ ಒಂದು ಗಂಡನ್ನು ಹಿಡಿದರಾಯಿತು, ಅವಸರವೇನು ಅಂದುಕೊಂಡೆ.

ಬಡಾವಣೆಯ ಸಂಘದ ಅಧ್ಯಕ್ಷರು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಸದ ಗಾಡಿಯಿಂದ ಹಿಡಿದು ಬೀದಿದೀಪದವರೆಗೆ ಎಲ್ಲದಕ್ಕೂ ಓಡಾಡುವ ಮನುಷ್ಯ, ಕೆಟ್ಟದ್ದೇನೂ ಹೇಳುವ ಹಾಗಿಲ್ಲ. ಅತ್ತೆಯ ಪ್ರಚಾರ ಅವರ ಕಿವಿಗೂ ಬಿದ್ದು ಒಂದು ದಿನ ಪಾರ್ಕಿನಲ್ಲಿ ನನ್ನನ್ನು ತಡೆದರು. ಹೇಗೂ ಗೊತ್ತಾಗಿಹೋಗಿದೆ, ಇವರನ್ನಾದರೂ ನಮ್ಮ ಕಡೆ ಮಾಡಿಕೊಳ್ಳೋಣ ಎಂದು ನಾನೇ ಹೇಳಿದೆ: "ಸಾರ್, ಆ ಗೋಡೆ ತುಂಬ ಮುಖ್ಯವಾದದ್ದು. ಯಾರೂ ಹಾಳು ಮಾಡದ ಹಾಗೆ ನೋಡ್ಕೋಬೇಕು. ಈ ಥರದ ಗೋಡೆ ನಮಗೆ ಗೊತ್ತಿರೋ ಹಾಗೆ ಬೇರೆಲ್ಲೂ ಇಲ್ಲ."

"ನಮ್ ಲೇಔಟಿಗೇ ಹೆಮ್ಮೆ ಮೇಡಂ," ಅಂದರು ಅವರು. "ನೀವು ತಲೆ ಕೆಡಿಸ್ಕೋಬೇಡಿ. ಆ ಗೋಡೆ ಜವಾಬ್ದಾರಿ ನಂದು."

ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನವೆಂಬರು ಬಂತು. ಬೆಂಗಳೂರಿನಲ್ಲಿ ರಾಜ್ಯೋತ್ಸವ ಒಂದನೇ ತಾರೀಖಿಗೆ ಶುರುವಾಗುತ್ತದೆ, ಮುಗಿಯುವುದು ತಿಂಗಳು ಮುಗಿದಾಗ. ಆಟೊ ಸ್ಟ್ಯಾಂಡಿನದು ಒಂದು ದಿನ, ಅಪಾರ್ಟ್‌ಮೆಂಟಿನದು ಒಂದು ದಿನ, ನಮ್ಮ ಬಡಾವಣೆಯದು ಅನುಕೂಲ ನೋಡಿಕೊಂಡು ಒಂದು ಭಾನುವಾರ. ಬಾವುಟ ಹಾರಿಸಿ, ಮಕ್ಕಳ ಕೈಲಿ ಹಾಡಿಸಿ, ಬಡಾವಣೆಯ ಸಾಧಕರಿಗೆ ಸನ್ಮಾನ ಮಾಡುತ್ತಾರೆ. ಸಾಧಕರು ಖಾಲಿಯಾಗುತ್ತ ಬಂದು ಹೋದ ವರ್ಷ ಮೊಮ್ಮಗ ಒಳ್ಳೆ ರ‍್ಯಾಂಕ್ ತೆಗೆದನೆಂದು ಅಜ್ಜನಿಗೆ ಶಾಲು ಹೊದಿಸಿದ್ದರು. ಈ ವರ್ಷ ನಾನು ಸಿಕ್ಕಿದೆ. ಬೇಡ ಅಂದೆ. ಅತ್ತೆ ಮುಖ ಊದಿಸಿಕೊಂಡರು. ಹೂಂ ಅಂದೆ.

ಆ ವಾರ ಕಾಲೇಜಿಗೆ ರಜೆ ಹಾಕಿ ಮೈಸೂರಿಗೆ ಹೋದೆ. ಕೆಳಗಿನ ಸಾಲಿನ ಗಂಡನ್ನು ಮೇಷ್ಟ್ರ ಮನೆಯ ಮೈಕ್ರೋಸ್ಕೋಪಿನಡಿ ಇಟ್ಟುಕೊಂಡು ಇಬ್ಬರೂ ಚಿತ್ರ ಬರೆಯುತ್ತ ಕೂತೆವು. ಎರಡು ಕಾಲುಗಳನ್ನು, ಅಂದರೆ ಅದರದೊಂದು, ಮೇಲಿನ ಸಾಲಿನದೊಂದು, ಮೇಷ್ಟ್ರ ಹಳೆಯ ಶಿಷ್ಯೆಯೊಬ್ಬಳ ಪ್ರಯೋಗಾಲಯಕ್ಕೆ ಕಳಿಸಿದೆವು. ಕೆಲಸದ ಮಧ್ಯೆ ಅಧ್ಯಕ್ಷರು ಫೋನ್ ಮಾಡಿದರು. "ಮೇಡಂ, ಭಾನುವಾರ ಹತ್ತೂವರೆಗೆ. ಸ್ಟೇಜು ನಿಮ್ಮ ಗೋಡೆ ಹತ್ರಾನೇ ಹಾಕಿಸ್ತಿದೀವಿ, ಸರ್‌ಪ್ರೈಸ್ ಇದೆ." ನಾನು ಒಂದು ಕಣ್ಣು ಮೈಕ್ರೋಸ್ಕೋಪಿನಲ್ಲಿಟ್ಟುಕೊಂಡು, "ಆಗಲಿ ಸಾರ್, ಥ್ಯಾಂಕ್ಸ್," ಅಂದೆ. ಮನಸ್ಸಿನಲ್ಲಿ ಖುಷಿಯೂ ಆಗಿತ್ತು. ಸುಳ್ಳು ಯಾಕೆ ಹೇಳಲಿ.

ಭಾನುವಾರ ಅತ್ತೆ ತಮ್ಮ ರೇಷ್ಮೆ ಸೀರೆ ಉಟ್ಟು, ನನಗೂ ಒಂದು ಉಡಿಸಿ, ಮಂಡಿನೋವಿಗೆ ಬೆಲ್ಟು ಕಟ್ಟಿಕೊಂಡು ನನ್ನ ಕೈ ಹಿಡಿದು ಹೊರಟರು. ಪಾರ್ಕಿನ ಗೇಟಿನಲ್ಲೇ ಬಣ್ಣದ ವಾಸನೆ ಹೊಡೆಯಿತು. ಬಾವುಟದ ಕಂಬಕ್ಕೋ ಕುರ್ಚಿಗೋ ಬಳಿದಿರಬೇಕು ಅಂದುಕೊಂಡೆ. ಶಾಮಿಯಾನದ ಪಕ್ಕಕ್ಕೆ ಬಂದು ನೋಡಿದರೆ ಗೋಡೆ ಹೊಳೆಯುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ ಮೇಲರ್ಧ ಹಳದಿ, ಕೆಳಗರ್ಧ ಕೆಂಪು. ಒಂದು ಪಾಚಿಯಿಲ್ಲ, ಒಂದು ಎಲೆಯಿಲ್ಲ. ಸಂದುಗಳೂ ಇಲ್ಲ. ಕಲ್ಲು ಕಲ್ಲಿನ ನಡುವೆ ಹೊಸ ಸಿಮೆಂಟು ಮೆತ್ತಿ ನೀಟಾಗಿ ಗೆರೆ ಎಳೆದು, ಅದರ ಮೇಲೆ ಬಣ್ಣ ಹೊಡೆದಿದ್ದರು.

ಅಧ್ಯಕ್ಷರು ಕೈಮುಗಿಯುತ್ತ ಬಂದರು. ಮುಖ ಮೊರದಗಲ.

"ಹೆಂಗಿದೆ ಮೇಡಂ? ಏನ್ ಗಲೀಜಿತ್ತು ಅಂತೀರಿ! ನೀರಿನ ಪ್ರೆಷರ್ ಮೆಷಿನ್ ತರಿಸಿ ಹೊಡೆಸಿದ್ವಿ, ಬ್ಲೀಚಿಂಗ್ ಪೌಡರ್ ಹಾಕಿ ವೈರ್ ಬ್ರಷ್ಷಲ್ಲಿ ಉಜ್ಜಿಸಿದ್ವಿ. ಆ ಒಡೆದಿರೋ ಪೈಪೂ ಸಿಕ್ತು, ರೆಡಿ ಮಾಡಿಸ್ಬಿಟ್ಟೆ. ಇನ್ನು ಈ ಗೋಡೆ ಐವತ್ತು ವರ್ಷ ಅಲ್ಲಾಡಲ್ಲ. ನೀವೇ ಹೇಳಿದ್ರಲ್ಲ, ಚೆನ್ನಾಗಿ ನೋಡ್ಕೋಬೇಕು ಅಂತ."

ಅತ್ತೆ ನನ್ನ ಕೈ ಒತ್ತಿದರು. "ನಾನೇ ಹೇಳಿದ್ದು ಕಣೇ. ಆ ಪಾಚಿ ಗೋಡೆ ಮುಂದೆ ನನ್ನ ಸೊಸೆ ನಿಂತ್ಕೊಂಡು ಹಾರ ಹಾಕಿಸ್ಕೋಬೇಕಾ, ಬಣ್ಣ ಹೊಡೆಸಿ ಅಂತ."

ನಮ್ಮ ಜನಕ್ಕೆ ಒಂದು ವಸ್ತುವಿನ ಮೇಲೆ ಗೌರವ ಹುಟ್ಟಿದರೆ ಮೊದಲು ಮಾಡುವುದು ತೊಳೆಯುವುದು, ಆಮೇಲೆ ಬಣ್ಣ ಬಳಿಯುವುದು. ಹಬ್ಬಕ್ಕೆ ಮನೆಗೆ ಸುಣ್ಣ, ಆಯುಧಪೂಜೆಗೆ ಬಸ್ಸಿಗೆ ನೀರು, ಯಾರಾದರೂ ದೊಡ್ಡವರು ಬರುತ್ತಾರೆ ಅಂದರೆ ಫುಟ್‌ಪಾತಿನ ಕಲ್ಲಿಗೂ ಕಪ್ಪು ಬಿಳುಪು. ಇದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಮನೆಯಲ್ಲೇ ನಡೆಯುವುದು. ಆ ಗೋಡೆಗೂ ಅದೇ ಮರ್ಯಾದೆ ಮಾಡಿದ್ದರು.

ನನಗೆ ಕಿರುಚಬೇಕು ಅನ್ನಿಸಿತು. ನನ್ನ ಕೋಪ ಕಾಲೇಜಿನಲ್ಲಿ ಹೆಸರುವಾಸಿ. ಪ್ರಿನ್ಸಿಪಾಲರೂ ನನ್ನ ಎದುರಿಗೆ ನೋಡಿಕೊಂಡು ಮಾತಾಡುತ್ತಾರೆ. ಆದರೆ ಯಾರಿಗೆ ಬೈಯಲಿ? ತಮ್ಮ ಕೈಯಿಂದ ದುಡ್ಡು ಹಾಕಿ ಗೋಡೆ ಚೊಕ್ಕ ಮಾಡಿಸಿದವರಿಗೆ? ಮಂಡಿನೋವಿಗೆ ಬೆಲ್ಟು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ ಈ ಹೆಂಗಸಿಗೆ? ವೇದಿಕೆಯ ಹಿಂದೆ ಫ್ಲೆಕ್ಸಿನಲ್ಲಿ ನನ್ನ ಫೋಟೊ, ಅದರ ಪಕ್ಕ ಎಲ್ಲಿಂದಲೋ ತೆಗೆದ ಮೈತುಂಬ ಕೂದಲಿನ ಒಂದು ವಿದೇಶಿ ಜೇಡ. ನನಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೊಗೆ ನಿಲ್ಲಿಸಿದರು. ಎರಡು ಮಾತಾಡಿ ಅಂದರು. ಮೈಕಿನ ಮುಂದೆ ನಿಂತೆ. ಎದುರಿಗೆ ಅತ್ತೆ, ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಅಕ್ಷರವೂ ತಪ್ಪಿಹೋಗಬಾರದು ಅನ್ನುವಂತೆ ಕೂತಿದ್ದರು. "ಎಲ್ಲರಿಗೂ ಧನ್ಯವಾದ," ಅಂದೆ. ಚಪ್ಪಾಳೆ ಹೊಡೆದರು.

ಉಪ್ಪಿಟ್ಟು ಕೇಸರಿಬಾತಿನ ಗಲಾಟೆ ಶುರುವಾದ ಮೇಲೆ ಅತ್ತೆ ಪೇಪರ್ ಓದುವ ಭೂತಗನ್ನಡಿಯನ್ನು ಪರ್ಸಿನಿಂದ ತೆಗೆದರು. "ಈಗ ತೋರಿಸು. ಎಲ್ಲಿವೆ ಅವು? ನಾನು ಒಂದನ್ನೂ ನೋಡೇ ಇಲ್ಲ."

"ಇವತ್ತು ಗಲಾಟೆ ಅಲ್ವಾ ಅತ್ತೆ, ಒಳಗೆ ಹೋಗಿರ್ತವೆ."

"ಎಲ್ಲಿ ಒಳಗೆ?"

"ಹಿಂದ್ಗಡೆ ಮಣ್ಣಿಗೆ," ಅಂದೆ. ಅವರು ತಲೆದೂಗಿ ಭೂತಗನ್ನಡಿಯನ್ನು ಮತ್ತೆ ಪರ್ಸಿಗೆ ಹಾಕಿಕೊಂಡರು.

ಆಮೇಲಿನ ವಾರಗಳಲ್ಲಿ ನಾನು ಪ್ರತಿ ಬೆಳಿಗ್ಗೆ ಆ ಗೋಡೆಯ ಮುಂದೆ ನಿಲ್ಲುತ್ತಿದ್ದೆ. ಸಿಮೆಂಟು ಬಿಟ್ಟುಹೋದ ಜಾಗ ಎಲ್ಲಾದರೂ ಇದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದೆ. ಕೆಲಸ ಮಾಡಿದವರು ಬಹಳ ಅಚ್ಚುಕಟ್ಟಾಗಿ ಮಾಡಿದ್ದರು. ನೀರು ಜಿನುಗುವುದು ನಿಂತು ಗೋಡೆ ಒಣಗಿ ಬೆಚ್ಚಗಾಗಿತ್ತು. ವಾಕಿಂಗಿಗೆ ಬರುವವರು ಈಗ ಆ ಕಡೆಯೂ ಬರತೊಡಗಿ ಗೋಡೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಬೇರೆ ಗೋಡೆಗಳನ್ನು ಹುಡುಕಿಕೊಂಡು ಹೊರಟೆ. ಕತ್ರಿಗುಪ್ಪೆಯ ಹಳೆಯ ಕಾಂಪೌಂಡುಗಳು, ಉತ್ತರಹಳ್ಳಿಯ ಕಡೆ ಮುಚ್ಚದೆ ಉಳಿದ ಒಂದು ಬಾವಿ, ಬನಶಂಕರಿಯ ಮೋರಿಗಳ ಪಕ್ಕದ ಕಲ್ಲುಗೋಡೆ. ಸ್ಕೂಟರ್ ನಿಲ್ಲಿಸಿ ಸಂದುಗಳಿಗೆ ಟಾರ್ಚು ಬಿಡುವ ಹೆಂಗಸನ್ನು ನೋಡಿ, "ಏನ್ ಆಂಟಿ, ಓಲೆ ಬಿತ್ತಾ?" ಎಂದು ಕೇಳಿದವರೇ ಎಲ್ಲರೂ. ಸುಮ್ಮನೆ ಹೂಂ ಅನ್ನುತ್ತಿದ್ದೆ. ಜಿರಲೆ ಸಿಕ್ಕವು, ಹಲ್ಲಿಮೊಟ್ಟೆ ಸಿಕ್ಕವು. ಮಣ್ಣಿನ ಬಟ್ಟಲು ಎಲ್ಲಿಯೂ ಸಿಕ್ಕಲಿಲ್ಲ.

ಆದರೂ ಒಂದು ಸಮಾಧಾನವಿತ್ತು. ಗಂಡಿನ ದೇಹ ಸೀಸೆಯಲ್ಲಿತ್ತು, ಗೂಡಿನ ವಿಡಿಯೊ ಇತ್ತು. ಹೆಸರಿಡಬಹುದು. ಇಂಥದ್ದೊಂದು ಇಲ್ಲಿತ್ತು ಎಂದು ಹೇಳಲಾದರೂ ಆಗುತ್ತದೆ. ನನ್ನನ್ನು ನಾನು ಹಾಗೆ ಸಂತೈಸಿಕೊಂಡು ಚಿತ್ರಗಳನ್ನು ತಿದ್ದುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಫೋನ್ ಮಾಡಿದರು. ಅಡುಗೆಮನೆಯಲ್ಲಿದ್ದೆ. ಮಾತಾಡುವ ಮೊದಲೇ ಅವರ ಉಸಿರು ಕೇಳಿಸುತ್ತಿತ್ತು.

"ಎರಡು ಕಣಮ್ಮ!"

"ಏನು ಸಾರ್ ಎರಡು?"

"ಆ ಕಾಲುಗಳು! ಎರಡೂ ಒಂದೇ ಅಲ್ಲ. ಕೆಳಗಿಂದು ಬೇರೆ ಜಾತಿ, ಮೇಲಿಂದು ಬೇರೆ ಜಾತಿ. ಅಮೆರಿಕದವಕ್ಕೂ ಇವಕ್ಕೂ ಸಂಬಂಧ ಇಲ್ಲವೇ ಇಲ್ಲ. ಎರಡೂ ನಮ್ಮ ಘಟ್ಟದ ಕಡೆಯವೇ. ಆದ್ರೆ ಒಂದೇ ಮನೆಯವಲ್ಲ, ಬೇರೆ ಬೇರೆ ಕವಲು. ಅರ್ಥ ಆಯ್ತಾ ನಿಂಗೆ? ಗೂಡು ಕಟ್ಟೋದನ್ನ ಎರಡೂ ಬೇರೆ ಬೇರೆಯಾಗಿ ಕಲ್ತಿದಾವೆ ಅಂತ ಕಾಣುತ್ತೆ. ಒಂದೇ ಗೋಡೆ ಮೇಲೆ! ನನ್ನ ಜೀವಮಾನದಲ್ಲಿ ಇಂಥದ್ದು ನೋಡಿಲ್ಲ. ನೀನು ಹೇಳಿದ್ಯಲ್ಲ, ಮೇಲಿನ ಗೂಡಿನ ಅಂಚು ಬೇರೆ ಅಂತ, ನಾನು ಮುದುಕ, ತಳ್ಳಿಹಾಕಿದೆ. ನಾಳೆನೇ ಹೋಗಿ ಮೇಲಿನ ಸಾಲಿಂದು ಒಂದು ಗಂಡು ತಗೊಂಡು ಬಾ. ನಾನು ಮೈಕ್ರೋಸ್ಕೋಪ್ ರೆಡಿ ಇಟ್ಟಿರ್ತೀನಿ."

ಅವರಿಗೆ ಗೋಡೆಯ ವಿಷಯ ನಾನು ಹೇಳಿರಲಿಲ್ಲ. ವಯಸ್ಸಾದವರು, ಹೃದಯದ ತೊಂದರೆ, ಸಮಯ ನೋಡಿ ಹೇಳೋಣ ಎಂದು ಮುಂದೂಡುತ್ತ ಬಂದಿದ್ದೆ. ಈಗ ಹೇಳಿದೆ. ತೊಳೆದದ್ದು, ಉಜ್ಜಿದ್ದು, ಸಿಮೆಂಟು, ಹಳದಿ, ಕೆಂಪು. ಮೇಷ್ಟ್ರು, "ಕಾಲೊಂದು ಉಳೀತು ಹಾಗಾದ್ರೆ," ಅಂದು ಫೋನಿಟ್ಟರು.

ಸಾರು ಉಕ್ಕಿ ಒಲೆ ಆರಿಹೋಗಿತ್ತು. ನಾನು ಕಟ್ಟೆಗೆ ಒರಗಿಕೊಂಡು ಅಳುತ್ತ ನಿಂತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದವರು ಮೊದಲು ಗ್ಯಾಸ್ ಬಂದ್ ಮಾಡಿದರು. ಊರಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡು ಅವರ ಮುಖ ಬಿಳಿಚಿಕೊಂಡಿತ್ತು. ಇನ್ನು ಬಚ್ಚಿಡಲು ನನ್ನ ಕೈಲಾಗಲಿಲ್ಲ. ಎಲ್ಲ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು ಕೊನೆಯವರೆಗೂ ಕೇಳಿದರು.

"ಅವತ್ತೇ ಯಾಕೆ ಬೈಲಿಲ್ಲ ನೀನು ನನ್ನ?"

"ಬೈದಿದ್ರೆ ವಾಪಸ್ ಬರ್ತಿದ್ವಾ ಅತ್ತೆ?"

"ಬರ್ತಿರಲಿಲ್ಲ. ಆದ್ರೂ ಬೈಬೇಕಿತ್ತು."

ಅದೇ ಸಂಜೆ ಅತ್ತೆ ಅಧ್ಯಕ್ಷರನ್ನು ಮನೆಗೆ ಕರೆಸಿಕೊಂಡು, ಬಣ್ಣ ಕೆರೆಸಿ, ಸಿಮೆಂಟು ಒಡೆಸಿ, ಪೈಪು ಬೇಕಾದರೆ ಮತ್ತೆ ಒಡೆಸಿ ಎಂದು ಹಟ ಹಿಡಿದರು. ಆ ಮನುಷ್ಯ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತ ಕೂತಿದ್ದರು. ಪಾಪ, ಅವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಕೊನೆಗೆ, "ಕಲರ್ ಇಷ್ಟ ಆಗ್ಲಿಲ್ವಾ ಮೇಡಂ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಬಣ್ಣ ಚೆನ್ನಾಗಿದೆ ಸಾರ್ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ. ಇನ್ನು ಒಡೆಸಿ ಪ್ರಯೋಜನವೇನು?

ಪ್ರಬಂಧ ಈಚೆಗೆ ಅಚ್ಚಾಯಿತು. ಕೆಳಗಿನ ಸಾಲಿನದಕ್ಕೆ ಹೆಸರಿಟ್ಟೆವು. ಅಚ್ಚಾದ ದಿನ ಬೆಳಿಗ್ಗೆ ಅತ್ತೆ, "ತೋರಿಸು," ಅಂದರು. ಓದಿ ಹೇಳಲು ಅದರಲ್ಲಿ ಅವರಿಗೆ ಹಿಡಿಸುವಂಥದ್ದು ಏನಿದೆ ಎಂದು ಕೊನೆಯಲ್ಲಿದ್ದ ವಂಶವೃಕ್ಷದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಇಟ್ಟೆ. ಎಡಗಡೆ ಬೇರು, ಅಲ್ಲಿಂದ ಕವಲೊಡೆಯುತ್ತ ಬಲಗಡೆಗೆ ಬಂದು ಒಂದೊಂದು ಕವಲಿನ ತುದಿಯಲ್ಲೂ ಒಂದೊಂದು ಹೆಸರು. ಅತ್ತೆ ಕಾಫಿ ಲೋಟ ಪಕ್ಕಕ್ಕಿಟ್ಟು ಬೆರಳಿನಲ್ಲಿ ಕವಲುಗಳನ್ನು ಹಿಡಿದುಕೊಂಡು ಹೋದರು. ಯಾರು ಯಾರಿಗೆ ದಾಯಾದಿ ಎಂದು ನಾನು ಹೇಳುತ್ತ ಹೋದೆ. ಅವರ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಕವಲಿನ ತುದಿಗೆ ಬರೀ ಒಂದು ಸಂಖ್ಯೆ ಇತ್ತು.

"ಇದಕ್ಕೆ ಹೆಸರಿಲ್ಲ?"

"ಇಲ್ಲ ಅತ್ತೆ. ಅದು ಮೇಲಿನ ಸಾಲಿಂದು. ಕಾಲೊಂದೇ ಇರೋದು, ಕಾಲಿಗೆ ಹೆಸರಿಡೋಕಾಗಲ್ಲ."

ಅವರು ಬೆರಳು ತೆಗೆಯಲಿಲ್ಲ. "ಆ ಕಾಲು ಕೀಳೋವಾಗ ಅದು ಏನ್ಮಾಡ್ತು? ಮೊಟ್ಟೆ ಬಿಟ್ಟು ಓಡ್ಹೋಯ್ತಾ?"

"ಇಲ್ಲ. ಅಲ್ಲೇ ಕೂತಿತ್ತು."

ಅತ್ತೆ ಆಗ ಬೆರಳು ತೆಗೆದರು.

"ಹಂಗಾದ್ರೆ ಬ್ರಷ್ ಹಾಕಿ ಉಜ್ಜೋವಾಗಲೂ ಓಡಿರಲ್ಲ," ಅಂದರು.